ಕ್ಯಾಸೆಟ್ಟಿನೊಳಗಿನವಳು

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ಒಂದು ಕ್ಯಾಸೆಟ್ ಅಂಗಡಿಯಿತ್ತು. ಆ ಅಂಗಡಿಯವನ ಜೊತೆ ನಾನು ಮೂರು ಸಲ ಜಗಳ ಆಡಿದ್ದೇನೆ, ಮೂರು ಸಲವೂ ಸೋತಿದ್ದೇನೆ. ಮೊದಲನೆಯ ಜಗಳ ತೊಂಬತ್ತೈದರಲ್ಲಿ, ಒಂದು ಸಂತೆಯ ದಿನ. ಅಂಗಡಿಯ ಹೊರಗೆ ನಿಲ್ಲಿಸಿದ್ದ ಆಳೆತ್ತರದ ಸ್ಪೀಕರಿನಿಂದ "ಬಂತಲ್ಲೇ, ಬಂತಲ್ಲೇ" ಎಂದು ನನ್ನ ದನಿ ಬರುತ್ತಿತ್ತು, ಅದರ ಕೆಳಗೆ ಧಡ್ ಧಡ್ ಎಂದು ಮಷೀನಿನ ತಾಳ. ಮೆಣಸಿನಕಾಯಿ ಮೂಟೆ ಹೊತ್ತ ಹಮಾಲರ ಹೆಜ್ಜೆ ಕೂಡ ಆ ತಾಳಕ್ಕೇ ಬೀಳುತ್ತಿತ್ತು. ನಾನು ಸುಮ್ಮನೆ ಬರಬಹುದಿತ್ತು. ಆದರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹುಟ್ಟಿದಾಗಿನಿಂದ ಹಾಗೆ.

"ಇದು ನಾ ಹಾಡಿದ್ದು ರೀ," ಎಂದೆ.

ಅವನು ನನ್ನ ಹವಾಯಿ ಚಪ್ಪಲಿಯಿಂದ ತಲೆಯ ಎಣ್ಣೆಯವರೆಗೆ ನೋಡಿದ. ಆಮೇಲೆ ಒಂದು ಕ್ಯಾಸೆಟ್ ತೆಗೆದು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. "ನೋಡವ್ವ, ಹಾಡಿದೋರು ಇವರು." ಕವರಿನ ಮೇಲೆ ಕುಣಿಯುವ ಹುಡುಗಿ ಚೈತ್ರಶ್ರೀ ಸೊಂಟದ ಮೇಲೆ ಕೈ ಇಟ್ಟುಕೊಂಡು, ತಂಪು ಕನ್ನಡಕ ಹಾಕಿಕೊಂಡು ನಗುತ್ತಿದ್ದಳು. ನನ್ನ ಹೆಸರು ಆ ಕವರಿನ ಒಳಗೂ ಇಲ್ಲ, ಹೊರಗೂ ಇಲ್ಲ.

ಅಂಗಡಿಯವನು ನಂಬದಿದ್ದರೆ ಹೋಗಲಿ, ಅವನೇನು ನನ್ನ ಹೆತ್ತವನೇ? ನನ್ನನ್ನು ಮೂರು ವರ್ಷ ಬೇಯಿಸಿದ್ದು ಬೇರೆ. ನಮ್ಮವ್ವ ನಂಬಲಿಲ್ಲ. ನನಗೆ ಹೆಸರು ಬೇಕಿತ್ತೋ, ಹಾರ ತುರಾಯಿ ಬೇಕಿತ್ತೋ ಎಂದು ಕೇಳಿದರೆ, ಬೇಕಿತ್ತು, ಯಾಕೆ ಸುಳ್ಳು ಹೇಳಲಿ. ಆದರೆ ಅದೆಲ್ಲ ಬಾರದಿದ್ದರೂ ನಡೆಯುತ್ತಿತ್ತು. ಅವ್ವ ಒಂದು ಸಲ ಆ ಹಾಡು ಕೇಳಿ "ಹೌದು ಕಣೆ ಪ್ರಮೀಳಾ, ಇದು ನೀನೇ" ಅನ್ನಬೇಕಿತ್ತು. ಅದಕ್ಕಾಗಿ ನಾನು ಎಷ್ಟು ಹಂಬಲಿಸಿದೆ ಅನ್ನುವುದು ನನ್ನ ಹೊಟ್ಟೆಗೇ ಗೊತ್ತು.

ನಮ್ಮವ್ವ ಮಾಳಮ್ಮ. ನಮ್ಮದು ಅಂಜನಾಪುರದ ಹತ್ತಿರದ ಒಂದು ಹಟ್ಟಿ. ನಲವತ್ತು ಕುರಿ, ಒಂದಿಷ್ಟು ಹೊಲ, ಉಳಿದ ದಿನ ಕೂಲಿ. ಅಪ್ಪ ಕುರಿ ಹೊಡೆದುಕೊಂಡು ಹಾನಗಲ್ ಕಡೆಗೆ ಹೋದವನು ಅಲ್ಲೇ ಜ್ವರ ಬಂದು ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಸುದ್ದಿ ಬರುವಷ್ಟರಲ್ಲಿ ಮಣ್ಣಾಗಿ ನಾಲ್ಕು ದಿನವಾಗಿತ್ತು. ಡ್ಯಾಮಿನ ಕಾಲುವೆಗೆ ನೀರು ಬಿಟ್ಟರೆಂದರೆ ಸುತ್ತಲಿನ ಗದ್ದೆಗಳಲ್ಲಿ ನಾಟಿ ಶುರು, ಅವ್ವನ ಗುಂಪಿಗೆ ಕರೆಯ ಮೇಲೆ ಕರೆ. ಅವ್ವ ಆ ಗುಂಪಿನ ಮುಂದಾಳು. ಸಸಿ ನೆಡುವುದರಲ್ಲೂ ಮುಂದೆ, ಹಾಡುವುದರಲ್ಲೂ ಮುಂದೆ.

ನಾಟಿಯ ಹಾಡಿಗೆ ಒಂದು ಕ್ರಮ ಇದೆ. ಮುಂದಾಳು ಅರ್ಧ ಸಾಲು ಹಾಡಿ ನಿಲ್ಲಿಸುತ್ತಾಳೆ. ಗುಂಪು ಇನ್ನರ್ಧ ಎತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಎಲ್ಲರ ಕೈಯ ಸಸಿ ಕೆಸರಿಗೆ ಇಳಿದಿರುತ್ತದೆ, ಎಲ್ಲರ ಕಾಲು ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ನಾಟಿ ಹಾಕುವವರು ಹಿಂದೆ ಹಿಂದೆಯೇ ನಡೆಯುವುದು, ನೆಟ್ಟ ಸಸಿಯನ್ನು ತುಳಿಯಬಾರದಲ್ಲ. ಅಪ್ಪ ಹೋದ ವರ್ಷ ಅವ್ವ ಒಂದು ಹಾಡು ಕಟ್ಟಿದಳು.

"ಕಾಲುವೆ ನೀರು ಬಂತಲ್ಲೇ," ಎಂದು ಅವ್ವ ನಿಲ್ಲಿಸುವಳು.

"ಹೋದೋರು ಯಾಕೆ ಬರಲಿಲ್ಲೇ," ಎಂದು ಗುಂಪು ಎತ್ತಿಕೊಳ್ಳುವುದು.

ನನಗೆ ಹದಿನೆಂಟು ತುಂಬುವಷ್ಟರಲ್ಲಿ ಅವ್ವನ ಕೊರಳಿಗೆ ಕೆಮ್ಮು ಹತ್ತಿತು, ಮುಂದಾಳಿನ ಸಾಲು ನನ್ನ ಪಾಲಿಗೆ ಬಂತು. ನನ್ನ ದನಿ ಅವ್ವನದಕ್ಕಿಂತ ದಪ್ಪ. ಗುಂಪಿನ ಬಂಗಾರಮ್ಮ "ಏನೇ ನಿನ್ನ ದನಿ, ಗುಡಾಣದೊಳಗಿಂದ ಬಂದಂಗೆ ಬರ್ತೈತಲ್ಲೇ" ಎಂದು ಆಡಿಕೊಳ್ಳುತ್ತಿದ್ದಳು. ಅವ್ವ ಮಾತ್ರ ಸಸಿಯ ಕಟ್ಟು ಬಿಚ್ಚುತ್ತ, ಮುಖ ಎತ್ತದೆ, "ಇರ್ಲಿ ಬಿಡು, ಆಚೆ ಗದ್ದಿಗೂ ಕೇಳ್ಸುತ್ತೆ," ಎಂದಿದ್ದಳು. ನಮ್ಮವ್ವ ಹೊಗಳುವುದೆಂದರೆ ಅಷ್ಟೇ. ಅದನ್ನೇ ನಾನು ವರ್ಷಗಟ್ಟಲೆ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ.

ತೊಂಬತ್ತನಾಲ್ಕರ ನಾಟಿಯಲ್ಲಿ ಶಿಕಾರಿಪುರದ ಸಾಹುಕಾರರ ಗದ್ದೆಗೆ ಹೋಗಿದ್ದೆವು. ಅವರ ಮಗ ಸಂಗಮೇಶ್ ಆಳುಗಳನ್ನು ನೋಡಿಕೊಳ್ಳಲು ಬೈಕಿನಲ್ಲಿ ಬಂದಿದ್ದ. ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂರು ಎಂದರೆ ಮುಖ ಊದಿಸಿಕೊಂಡು, ಕೀಬೋರ್ಡ್ ಬಾರಿಸಿಕೊಂಡು, ಆರ್ಕೆಸ್ಟ್ರಾ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ ಆಸಾಮಿ. ನನ್ನ ಹಾಡು ಕೇಳಿ ಬದುವಿನ ಮೇಲೆ ಹಾಗೇ ನಿಂತುಬಿಟ್ಟ. ಊಟದ ಹೊತ್ತಿಗೆ ಹತ್ತಿರ ಬಂದು ಜೇಬಿನಿಂದ ವಾಕ್‌ಮನ್ ತೆಗೆದ.

"ಇದನ್ನ ಸ್ವಲ್ಪ ಕೇಳಿ ನೋಡ್ರೀ," ಎಂದ.

ಕೆಸರು ಕೈ ಸೀರೆಗೆ ಒರೆಸಿಕೊಂಡು ಕಿವಿಗೆ ಹಾಕಿಕೊಂಡೆ. ಯಾವುದೋ ದೇಶದ ಹೆಂಗಸು, ಯಾವುದೋ ಭಾಷೆ. ಕೆಳಗೆ ಮಷೀನು ನಿಲ್ಲದೆ ಬಡಿಯುತ್ತಿದೆ, ಮೇಲೆ ಆಕೆ ಹೊಟ್ಟೆಯೊಳಗಿಂದ ಎತ್ತಿ ಎತ್ತಿ ಹಾಡುತ್ತಿದ್ದಾಳೆ. ಒಂದು ಮಾತೂ ತಿಳಿಯಲಿಲ್ಲ. ಆದರೆ ಆಕೆ ಯಾರನ್ನೋ ಕರೆಯುತ್ತಿದ್ದಾಳೆ, ಅವನು ಬರುವುದಿಲ್ಲ ಎಂದು ಆಕೆಗೆ ಗೊತ್ತಿದೆ, ಆದರೂ ಕರೆಯುತ್ತಿದ್ದಾಳೆ, ಇಷ್ಟು ಯಾರೂ ಹೇಳದೆ ತಿಳಿಯಿತು. ನನ್ನ ಕಣ್ಣಲ್ಲಿ ನೀರು ಬಂತು.

"ಈ ಹಾಡಿಗೆ ಅಲ್ಲಿಯ ಜನ ಕುಣೀತಾರೆ," ಎಂದ ಸಂಗಮೇಶ್.

"ಕುಣೀತಾರಾ? ಇಂಥಾ ಹಾಡಿಗೆ?"

"ಹೂಂ ಮತ್ತೆ. ದುಃಖ ಮೇಲೆ, ಕುಣಿತ ಕೆಳಗೆ. ನಿಮ್ಮ ದನಿ ಹಂಗೇ ಐತಿ ನೋಡ್ರೀ. ನಾ ಒಂದು ಕ್ಯಾಸೆಟ್ ಮಾಡ್ಬೇಕಂತ ಇದೀನಿ. ಬರ್ತೀರಾ?"

ಅವ್ವ ದೂರದಿಂದಲೇ ಕೂಗಿ ಕೇಳಿದಳು, ಏನಂತೆ ಅಂತ. ಹಾಡಾಕೆ ಕರೀತಿದಾರೆ ಅಂದೆ. ಬಂಗಾರಮ್ಮನೂ ಜೊತೆಗೆ ಬರುತ್ತಾಳೆ ಅಂದ ಮೇಲೆ ಅವ್ವ ಹೂಂ ಅಂದಳು.

ಶಿವಮೊಗ್ಗದ ಒಂದು ಓಣಿಯಲ್ಲಿ, ಮಹಡಿಯ ಮೇಲೆ, ಗೋಡೆಗೆಲ್ಲ ಕಂಬಳಿ ಹೊಡೆದಿದ್ದ ಕೋಣೆ. ಅದೇ ಸ್ಟುಡಿಯೋ. ಗಾಜಿನ ಆಚೆ ರಾಜಪ್ಪ ಎಂಬ ರೆಕಾರ್ಡಿಂಗಿನವರು ಕುಳಿತಿದ್ದರು. ನನ್ನನ್ನು ಮೈಕಿನ ಮುಂದೆ ನಿಲ್ಲಿಸಿ ತಾಳ ಬಿಟ್ಟರು. ನಾನು ಕಣ್ಣು ಮುಚ್ಚಿ ಎತ್ತಿದೆ. ನಾಲ್ಕು ಸಾಲು ಆಗುವಷ್ಟರಲ್ಲಿ ರಾಜಪ್ಪ ತಾಳ ನಿಲ್ಲಿಸಿ ಹೊರಗೆ ಓಡಿ ಬಂದರು.

"ಎಲ್ಲಿಗೆ ಹೋಗ್ತೀಯವ್ವಾ ನೀನು?"

ಕಣ್ಣು ಬಿಟ್ಟು ನೋಡಿದರೆ ಮೈಕು ಅಲ್ಲೆಲ್ಲೋ ಇದೆ, ನಾನು ಹಿಂದಿನ ಗೋಡೆಗೆ ಬಂದು ನಿಂತಿದ್ದೇನೆ! ಸಾಲಿಗೊಂದು ಹೆಜ್ಜೆ ಹಿಂದೆ ಇಟ್ಟಿದ್ದೆ. ಮತ್ತೆ ನಿಲ್ಲಿಸಿದರು, ಮತ್ತೆ ಹಿಂದೆ ಹೋದೆ. ನನ್ನ ಹಿಮ್ಮಡಿಯ ಹಿಂದೆ ಎರಡು ಇಟ್ಟಿಗೆ ಇಟ್ಟರು. ಇಟ್ಟಿಗೆ ಎಡವಿ ಬಿದ್ದೆ. ಬಂಗಾರಮ್ಮ ಗಾಜಿನ ಆಚೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೊನೆಗೆ ಮೈಕನ್ನೇ ಗೋಡೆಯ ಹತ್ತಿರ ತಂದು, ನನ್ನ ಬೆನ್ನು ಗೋಡೆಗೆ ಆನಿಸಿ ನಿಲ್ಲಿಸಿದರು. ಆಗ ಇನ್ನೊಂದು ಪೇಚು. ಅರ್ಧ ಸಾಲು ಹಾಡಿ ನಾನು ನಿಲ್ಲಿಸಿಬಿಡುತ್ತಿದ್ದೆ. ಎತ್ತಿಕೊಳ್ಳುವವರಿಲ್ಲ. ಮಷೀನು ಬಡಿದುಕೊಂಡು ಮುಂದೆ ಮುಂದೆ ಹೋಗುತ್ತಿತ್ತು, ನಾನು ಬಾಯಿ ತೆರೆದುಕೊಂಡು ಕಾಯುತ್ತಿದ್ದೆ. ಉಳಿದರ್ಧವನ್ನೂ ನೀವೇ ಹಾಡ್ರೀ ಎಂದು ಸಂಗಮೇಶ್ ಕೈಮುಗಿದ. ಪ್ರಯತ್ನ ಮಾಡಿದೆ, ನಾಲಿಗೆ ಹೊರಳಲಿಲ್ಲ. ಅದು ಗುಂಪಿನ ಸಾಲು, ನನ್ನದಲ್ಲ.

ಸಂಗಮೇಶ್ ಒಂದು ಉಪಾಯ ಹೂಡಿದ. ನನ್ನ ಅರ್ಧ ಸಾಲುಗಳನ್ನಷ್ಟೇ ಹಿಡಿದುಕೊಂಡ. ದನಿಯ ತುಂಡನ್ನು ಕೀಬೋರ್ಡಿಗೆ ಕಟ್ಟಿಹಾಕುವ ಯಂತ್ರವೊಂದು ಅಲ್ಲಿತ್ತು. ಒಂದು ಕೀಲಿ ಒತ್ತಿದರೆ ನಾನು "ಬಂತಲ್ಲೇ" ಅನ್ನುತ್ತಿದ್ದೆ. ಹತ್ತು ಸಲ ಒತ್ತಿದರೆ ಹತ್ತು ಸಲ. ನಡುವೆ ನಾನು ಕಾಯುತ್ತಿದ್ದ ಜಾಗವನ್ನೆಲ್ಲ ಕತ್ತರಿಸಿ ಎಸೆದರು. ಕೆಸರಿನ ನಡಿಗೆಗೆ ಕುಣಿಯಲು ಆಗುವುದಿಲ್ಲವೆಂದು ಇಡೀ ಹಾಡಿನ ವೇಗ ಏರಿಸಿದರು. ವೇಗ ಏರಿದಂತೆ ದನಿ ತೆಳ್ಳಗಾಯಿತು, ಮೇಲಕ್ಕೆ ಹೋಯಿತು, ಹದಿನಾಲ್ಕರ ಹುಡುಗಿ ಹಾಡಿದ ಹಾಗಾಯಿತು. "ಹೋದೋರು ಯಾಕೆ ಬರಲಿಲ್ಲೇ" ಎಲ್ಲೂ ಇಲ್ಲ. ಬರೀ ಬಂತಲ್ಲೇ, ಬಂತಲ್ಲೇ. ಏನೋ ಭಾಗ್ಯ ಮನೆಗೆ ಬಂದುಬಿಟ್ಟಿದೆ ಅನ್ನಬೇಕು.

"ಇದು ನಾನೇನ್ರೀ?" ಎಂದು ಕೇಳಿದೆ.

"ನೀವೇ," ಎಂದ ಸಂಗಮೇಶ್. ಅವನ ಮುಖ ಊರಗಲ ಅರಳಿತ್ತು.

ಕವರಿಗೆ ಚೈತ್ರಶ್ರೀಯ ಫೋಟೋ ಹಾಕಿದ. ಅವಳು ಶಿಕಾರಿಪುರದ ಹುಡುಗಿ, ಆರ್ಕೆಸ್ಟ್ರಾದಲ್ಲಿ ಕುಣಿಯುತ್ತಿದ್ದಳು, ನೋಡಲು ಚಂದ. "ಕ್ಯಾಸೆಟ್ ಓಡ್ಬೇಕಲ್ರೀ, ಬ್ಯಾಸರ ಮಾಡ್ಕೋಬ್ಯಾಡ್ರೀ," ಎಂದ. ಬೇಸರ ಮಾಡಿಕೊಂಡೆ. ಆದರೂ ಬಿಡಲಿಲ್ಲ ಅವನನ್ನು, ಅವನ ಆರ್ಕೆಸ್ಟ್ರಾಕ್ಕೂ ಸೇರಿಕೊಂಡೆ. ಯಾಕೆಂದರೆ ಕ್ಯಾಸೆಟ್ ಓಡಿತು, ಎಂಥ ಓಟ ಅಂತೀರಿ! ಮದುವೆ ದಿಬ್ಬಣದಲ್ಲಿ, ಗಣಪತಿ ಬಿಡುವಾಗ, ಖಾಸಗಿ ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಎಲ್ಲಿ ನೋಡಿದರೂ ಬಂತಲ್ಲೇ. ಬಳ್ಳಿಗಾವಿಗೆ ದೇವಸ್ಥಾನ ನೋಡಲು ಬಂದ ಕಾಲೇಜಿನವರು ಬಸ್ಸಿನ ಮೇಲೆ ಹತ್ತಿ ಅದಕ್ಕೆ ಕುಣಿದದ್ದನ್ನು ನಾನೇ ನೋಡಿದ್ದೇನೆ.

ಅವ್ವ ಅದನ್ನು ಮೊದಲ ಸಲ ಕೇಳಿದ್ದು ಬಂಗಾರಮ್ಮನ ಮನೆಯ ಟೇಪ್ ರೆಕಾರ್ಡರಿನಲ್ಲಿ. ಇಡೀ ಹಟ್ಟಿಯ ಹೆಂಗಸರು ಸೇರಿದ್ದರು. ನಾನು ಬಾಗಿಲಲ್ಲಿ ನಿಂತು ಅವ್ವನ ಮುಖವನ್ನೇ ನೋಡುತ್ತಿದ್ದೆ. ಅವ್ವ ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟು ಕೇಳಿದಳು. ಪೂರ್ತಿ ಕೇಳಿದಳು. ತಿರುಗಿಸಿ ಇನ್ನೊಂದು ಸಲ ಹಾಕಿಸಿ ಕೇಳಿದಳು.

"ಇದು ಪ್ರಮೀಳಾ ಅಲ್ಲ," ಎಂದಳು.

"ನಾನೇ ಅವ್ವ!"

"ನನ್ನ ಮಗಳ ದನಿ ನಂಗೆ ಗೊತ್ತಿಲ್ವೇನೆ? ಇದನ್ನ ಹಾಡಿದೋಳು ಒಂದಿನಾನೂ ಕೆಸರಾಗೆ ನಿಂತಿಲ್ಲ. ನಿಂತಿದ್ರೆ ಎಲ್ಲಾರ ಒಂದು ಕಡೆ ನಿಲ್ತಿದ್ಲು. ಗುಂಪಿಗೆ ಜಾಗ ಬಿಡ್ತಿದ್ಲು. ಉಸ್ರೇ ತಗೊಂಬಲ್ಲ ಇವ್ಳು."

ಬಂಗಾರಮ್ಮ ಸಾಕ್ಷಿ ಹೇಳಿದಳು, ಯಂತ್ರದ ಕತೆ ಹೇಳಿದಳು, ಇಟ್ಟಿಗೆ ಎಡವಿದ್ದನ್ನು ಹೇಳಿ ಎಲ್ಲರನ್ನೂ ನಗಿಸಿದಳು. ಅವ್ವ ನಗಲಿಲ್ಲ. "ಹಾಡ್ಸಿರ್ತಾರೆ. ಇವ್ಳುದು ಸರಿ ಬಂದಿರಾಕಿಲ್ಲ. ಯಾರೋ ಬೆಂಗ್ಳೂರಿನೋಳ ಕೈಲಿ ಹಾಡ್ಸಿ ಹಾಕಿರ್ತಾರೆ. ಚಿತ್ರ ಯಾರ್ದೋ, ದನಿ ಯಾರ್ದೋ. ನಮ್ಮ ಹುಡುಗಿ ಸುಮ್ನೆ ನಂದು ನಂದು ಅಂತ ಒದ್ದಾಡ್ತಾಳೆ," ಎಂದು ಎದ್ದು ಹೋದಳು.

ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಹಾಡು ಒಂದು ಮುಳ್ಳಾಯಿತು. ನಾನು ಆರ್ಕೆಸ್ಟ್ರಾದ ಜೊತೆ ಹೊರಟರೆ ಅವ್ವ, "ನಿನ್ನ ದನಿ ಬ್ಯಾಡಾದೋರಿಗೆ ನೀನು ಯಾಕ ಬೇಕೇ?" ಎಂದು ಕೇಳುತ್ತಿದ್ದಳು. ಅವಳ ಪ್ರಶ್ನೆಯಲ್ಲಿ ಊರ ಹೆಂಗಸರ ಅನುಮಾನವೂ ಸೇರಿತ್ತು. ಹಾಡದವಳನ್ನು ಆರ್ಕೆಸ್ಟ್ರಾದವರು ವ್ಯಾನಿನಲ್ಲಿ ಹತ್ತಿಸಿಕೊಂಡು ಹೋಗುವುದು ಯಾಕೆ? ಹಾಡ್ತೀನಿ ಅವ್ವ, ನಾನೇ ಹಾಡ್ತೀನಿ ಎಂದರೆ, "ಹಂಗಾರೆ ಎದುರಿಗೆ ನಿಂತು ಹಾಡು, ಬಂದು ನೋಡ್ತೀನಿ," ಎನ್ನುವಳು.

ಎದುರಿಗೆ ನಿಲ್ಲುವ ಹಾಗಿದ್ದರೆ ತಾನೆ! ಎದುರಿಗೆ ಚೈತ್ರಶ್ರೀ ನಿಲ್ಲುತ್ತಿದ್ದಳು. ನಾನು ಪರದೆಯ ಹಿಂದೆ ಮೈಕ್ ಹಿಡಿದುಕೊಂಡು ಹಾಡುವುದು, ಅವಳು ಮುಂದೆ ಬಾಯಿ ಆಡಿಸುತ್ತ ಕುಣಿಯುವುದು. ಅದಾದರೂ ಸೈ, ದನಿ ಬಿಸಿಯಾಗಿ ನನ್ನ ಗಂಟಲಿನಿಂದ ಹೋಗುತ್ತಿತ್ತು. ಬಂತಲ್ಲೇ ಸರದಿ ಬಂದಾಗ ಮಾತ್ರ ಸಂಗಮೇಶ್ ಟೇಪನ್ನೇ ಹಾಕುತ್ತಿದ್ದ. ಜನಕ್ಕೆ ಕ್ಯಾಸೆಟ್ಟಿನಲ್ಲಿ ಇದ್ದದ್ದು ಇದ್ದ ಹಾಗೇ ಬೇಕು, ಯಾವ ಮನುಷ್ಯರ ಗಂಟಲೂ ಆ ವೇಗಕ್ಕೆ ಏರುವುದಿಲ್ಲ. ಆ ಐದು ನಿಮಿಷ ನನಗೆ ಕೆಲಸವಿಲ್ಲ. ಪರದೆಯ ತೂತಿನಿಂದ ನೋಡುತ್ತಿದ್ದೆ. ಸಾವಿರ ಜನ ನನ್ನ ದನಿಗೆ ಕೈ ಎತ್ತಿ ಕುಣಿಯುತ್ತಿದ್ದರು. ನನಗೋ, ವಾಕ್‌ಮನ್ನಿನ ಆ ಹೆಂಗಸು ನೆನಪಾಗುತ್ತಿದ್ದಳು. ಆಕೆಯ ಊರಿನಲ್ಲಿ ಆಕೆ ಎಲ್ಲಿ ನಿಲ್ಲುತ್ತಾಳೋ, ಮುಂದೋ ಹಿಂದೋ, ಆಕೆಯ ಅವ್ವ ಕೇಳಿದ್ದಾಳೋ ಇಲ್ಲವೋ ಎಂದು ಯೋಚಿಸುತ್ತ ನಿಂತಿರುತ್ತಿದ್ದೆ.

ಚೈತ್ರಶ್ರೀಯ ಮೇಲೆ ನನಗೆ ಸಿಟ್ಟು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಒಳ್ಳೆಯ ಹುಡುಗಿ, ಶಾಪ ಹಾಕಲು ಮನಸ್ಸು ಬರುತ್ತಿರಲಿಲ್ಲ. "ಅಕ್ಕಾ, ಜನ ನನ್ನ ಆಟೋಗ್ರಾಫ್ ಕೇಳಿದ್ರು. ನಾಚಿಕೆ ಆಗುತ್ತೆ ಅಕ್ಕಾ. ನಿಮ್ಮ ಹೆಸರು ಬರೆದುಕೊಟ್ಟು ಬಂದೆ," ಎಂದು ಒಂದು ಸಲ ಹೇಳಿದಳು. ಯಾರೋ ಒಬ್ಬನ ಮನೆಯಲ್ಲಿ, ಅವಳ ಫೋಟೋದ ಮೇಲೆ, ನನ್ನ ಹೆಸರು ಇದೆ.

ತೊಂಬತ್ತೇಳರ ಅಕ್ಟೋಬರಿನಲ್ಲಿ ಅವಳಿಗೆ ಗಂಡು ಗೊತ್ತಾಯಿತು. ಗಂಡಿನ ಕಡೆಯವರು ಸ್ಟೇಜು ಗೀಜು ಇನ್ನು ಸಾಕು ಎಂದರಂತೆ. ಮುಂದಿನ ತಿಂಗಳು ಸೊರಬದಲ್ಲಿ ಯುವಕ ಸಂಘದ ರಾಜ್ಯೋತ್ಸವ, ಮಧ್ಯಾಹ್ನ ಮೂರಕ್ಕೆ ನಮ್ಮ ಕಾರ್ಯಕ್ರಮ. ಸಂಗಮೇಶ್ ತಲೆ ಮೇಲೆ ಕೈ ಹೊತ್ತು ಕುಳಿತ. ನಾನು ಎದುರಿಗೆ ಹೋಗಿ ನಿಂತೆ.

"ನಾನು ನಿಲ್ತೀನಿ. ಬಂತಲ್ಲೇ ನಾನೇ ಹಾಡ್ತೀನಿ. ಟೇಪ್ ಬ್ಯಾಡ."

"ಆ ಶ್ರುತಿಗೆ ನಿಮ್ಮ ದನಿ ಹೋಗಲ್ರೀ ಪ್ರಮೀಳಾ."

"ನನ್ನ ಶ್ರುತಿಗೆ ನಿಮ್ಮ ಮಷೀನು ಇಳೀಲಿ. ನಮ್ಮವ್ವ ಬರ್ತಾಳೆ ಕೇಳಾಕೆ. ಆಗಲ್ಲ ಅಂದ್ರೆ ಹೇಳ್ರಿ, ನಾಳೆಯಿಂದ ಪರದೆ ಹಿಂದೂ ಇರಲ್ಲ ನಾನು."

ಅವನು ಬಹಳ ಹೊತ್ತು ಕೀಬೋರ್ಡಿನ ವೈರು ಸುತ್ತುತ್ತ ಇದ್ದ. ಕೊನೆಗೆ, "ಆತು. ನಿಮ್ಮ ಹಾಡು, ನಿಮ್ಮ ಶ್ರುತಿ," ಎಂದ. ಕೆಟ್ಟವನಲ್ಲ ಅವನು. ಅಂಜುಬುರುಕ.

ಹಟ್ಟಿಯಿಂದ ಹೆಂಗಸರೆಲ್ಲ ಟೆಂಪೋ ಮಾಡಿಕೊಂಡು ಬಂದರು. ಅವ್ವ ಇಳಕಲ್ ಸೀರೆ ಉಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು, ಎಲ್ಲರಿಗಿಂತ ಮುಂದೆ ಚಾಪೆಯ ಮೇಲೆ ಕುಳಿತಳು. ಬಂಗಾರಮ್ಮ ನನ್ನತ್ತ ಕೈ ಬೀಸಿದಳು, ಅವ್ವ ಬೀಸಲಿಲ್ಲ. ಶಾಲೆಯ ಮೈದಾನ ತುಂಬಿ, ಗೋಡೆಯ ಮೇಲೆ ಕೂಡ ಜನ ಕುಳಿತಿದ್ದರು. ಇಳಿ ಬಿಸಿಲು. ಮೊದಲ ಸಲ ನಾನು ಪರದೆಯ ಮುಂದೆ ನಿಂತಿದ್ದೆ.

ಸಂಗಮೇಶ್ ತಾಳ ಬಿಟ್ಟ, ನಿಧಾನದ ತಾಳ. ನಾನು ಎತ್ತಿದೆ.

"ಕಾಲುವೆ ನೀರು ಬಂತಲ್ಲೇ."

ನಿಲ್ಲಿಸಿದೆ. ಅವ್ವ ತಲೆ ಎತ್ತಿದಳು. ಅವಳ ತುಟಿ ಅಲ್ಲಾಡಿತು. ದೇವರಾಣೆ, ನಾನು ಕಂಡೆ. ಎರಡನೆಯ ಸಲ ಎತ್ತಿದೆ. ಮೈಯೆಲ್ಲ ಗಂಟಲಾಗಿತ್ತು. ಇನ್ನು ಎರಡು ಸಾಲು ಹಾಡಿದ್ದರೆ ಸಾಕಿತ್ತು, ಅವ್ವ ಗುಂಪಿನ ಸಾಲು ಎತ್ತಿಕೊಳ್ಳುತ್ತಿದ್ದಳು ಎಂದೇ ನಾನು ಇವತ್ತಿಗೂ ನಂಬಿದ್ದೇನೆ.

"ಎಂತ ಮಾರಾಯ್ತಿ ಇದು, ಭಜನೆಯೇನೆ?" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. "ಬಂತಲ್ಲೇ ಹಾಕ್ರೋ! ಕ್ಯಾಸೆಟ್ದು ಹಾಕ್ರೋ!" ಸೀಟಿ, ಚಪ್ಪಾಳೆ, ಗದ್ದಲ. ಒಂದು ಕಡಲೆಕಾಯಿ ಪೊಟ್ಟಣ ನನ್ನ ಕಾಲ ಬಳಿ ಬಂದು ಬಿತ್ತು. ನಾನು ಇನ್ನೂ ಜೋರಾಗಿ ಎತ್ತಿದೆ. ಸಂಘದ ಅಧ್ಯಕ್ಷ ಧರ್ಮಪ್ಪ ಸಂಗಮೇಶನ ಕಿವಿಯಲ್ಲಿ ಏನೋ ಅಂದ. ಸಂಗಮೇಶ್ ನನ್ನ ಕಡೆ ನೋಡಿದ, ತಲೆ ತಗ್ಗಿಸಿದ, ಟೇಪು ಒತ್ತಿಬಿಟ್ಟ.

ನನ್ನ ಮೈಕು ಸತ್ತಿತು. ಬಂತಲ್ಲೇ, ಬಂತಲ್ಲೇ, ಬಂತಲ್ಲೇ! ಮೈದಾನ ಎದ್ದು ನಿಂತಿತು. ಧೂಳೆದ್ದಿತು. "ಬಾಯಿ ಆಡ್ಸಿ, ಬಾಯಿ ಆಡ್ಸಿ" ಎಂದು ಸಂಗಮೇಶ್ ಹಲ್ಲು ಕಚ್ಚಿ ಹೇಳುತ್ತಿದ್ದ. ಆಡಿಸಿದೆ. ನನ್ನದೇ ದನಿ, ನನ್ನದೇ ಮಾತು, ಆದರೆ ಅದು ನನಗೆ ಸಿಕ್ಕುತ್ತಿಲ್ಲ. ನಾನು ಬಂ ಅನ್ನುವಷ್ಟರಲ್ಲಿ ಅದು ತಲ್ಲೇ ದಾಟಿ ಹೋಗಿರುತ್ತಿತ್ತು. ಚೈತ್ರಶ್ರೀಯೇ ವಾಸಿ, ಅವಳಿಗೆ ಅದು ಬಾಯಿಪಾಠವಾಗಿತ್ತು. ಅವ್ವ ನನ್ನ ತುಟಿಯನ್ನೇ ನೋಡುತ್ತಿದ್ದಳು. ಆ ಕಣ್ಣು ನೋಡಲಾಗದೆ ನಾನು ಬಾಯಿ ಮುಚ್ಚಿಬಿಟ್ಟೆ. ಕೈ ಕಟ್ಟಿಕೊಂಡು ಸುಮ್ಮನೆ ನಿಂತೆ. ದನಿ ನನ್ನನ್ನು ಬಿಟ್ಟು ಹಾಡುತ್ತಲೇ ಇತ್ತು.

ಮೊದಲು ಮುಂದಿನವರಿಗೆ ತಿಳಿಯಿತು. ಆಮೇಲೆ ಎಲ್ಲರಿಗೂ. "ಏಯ್, ಇವಳು ಹಾಡ್ತಾನೇ ಇಲ್ಲ! ಮೋಸ! ಬೇರೆಯೋರ ದನಿಗೆ ಬಾಯಿ ಆಡ್ಸೋಕೆ ಬಂದಾಳೆ! ಇಳಿಸ್ರೋ ಇವಳನ್ನ!"

ಆಗ ನಮ್ಮವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇಜಿನ ಹಲಗೆ ಹತ್ತಿ ನನ್ನ ಪಕ್ಕ ಬಂದು ನಿಂತಳು. ಮೈಕು ಗೀಕು ಅವಳಿಗೆ ಬೇಕಾಗಲಿಲ್ಲ. "ಯಾವನೋ ಅವ್ನು ಮೋಸ ಅಂದೋನು? ಬಾರೋ ಮುಂದಕ್ಕೆ! ಆ ಟೇಪಿನಾಗೆ ಹಾಡಿರೋಳು ಇವ್ಳೇ. ನನ್ನ ಮಗಳ ದನಿ ಅದು. ಹೆತ್ತೋಳು ನಾನು, ನಂಗೆ ಗೊತ್ತಿಲ್ಲೇನೋ? ಬೀರೇದೇವ್ರ ಆಣೆಗೂ ಅದು ಇವ್ಳ ದನಿ!" ಎಂದು ಹಣೆಯ ಭಂಡಾರ ಮುಟ್ಟಿಕೊಂಡಳು. ಸಂಗಮೇಶ್ ಟೇಪು ನಿಲ್ಲಿಸಿದ. ಮೈದಾನ ಗಪ್ಪಾಯಿತು. ಅವ್ವ ನನ್ನ ರಟ್ಟೆ ಹಿಡಿದುಕೊಂಡು ಇಳಿಸಿಕೊಂಡು ಹೋದಳು.

ಟೆಂಪೋದಲ್ಲಿ ನಾನು ಅವ್ವನಿಗೆ ಒತ್ತಿಕೊಂಡು ಕುಳಿತೆ. ನಕ್ಕವರು, ಕೂಗಿದವರು, ಯಾರೂ ನೆನಪಿಲ್ಲ. ನನ್ನ ಮಗಳ ದನಿ ಅದು, ನನ್ನ ಮಗಳ ದನಿ ಅದು. ಮೂರು ವರ್ಷ ಕಾದದ್ದು ಬಂದಿತ್ತು. ಬಂಗಾರಮ್ಮ ಅವ್ವನ ಬೈಗುಳವನ್ನು ಅಣಕಿಸಿ ತೋರಿಸುತ್ತ ಎಲ್ಲರನ್ನೂ ನಗಿಸುತ್ತಿದ್ದಳು. ಶಿರಾಳಕೊಪ್ಪ ದಾಟುವಾಗ ಆ ಕ್ಯಾಸೆಟ್ ಅಂಗಡಿಯ ಕಡೆ ನೋಡಿ ನಾಲಿಗೆ ಚಾಚಿದೆ. ಅಷ್ಟು ಸಂತೋಷ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮರುದಿನ ಬೆಳಗ್ಗೆ ಕುರಿಗಳನ್ನು ಹೊರಗೆ ಬಿಟ್ಟು, ಇಬ್ಬರೂ ದೊಡ್ಡಿಯ ಹಿಕ್ಕೆ ಗುಡಿಸುತ್ತಿದ್ದೆವು. ಅವ್ವ ಪೊರಕೆ ನಿಲ್ಲಿಸಿದಳು.

"ಪ್ರಮೀಳಾ, ಈಗ ನಾವಿಬ್ರೇ ಇದೀವಿ. ಹೇಳು. ಯಾರ್ದೇ ಆ ದನಿ?"

ನಾನು ಗುಡಿಸುತ್ತಲೇ ಇದ್ದೆ.

"ಮೊದ್ಲು ಹಾಡಿದ್ದು ನೀನು. ಅದು ನಂಗೆ ಗೊತ್ತಾತು. ಚೆಂದಾಗಿ ಹಾಡಿದೆ. ಜನಕ್ಕೆ ಬ್ಯಾಡಾತು, ಅದಕ್ಕೆ ನೀನೇನು ಮಾಡ್ತೀಯ. ಆಮ್ಯಾಕೆ ಬಂತಲ್ಲ, ಅದು ಯಾರ್ದು?"

"ನಂದೇ ಅವ್ವ. ನೀನೇ ಅಂದ್ಯಲ್ಲ ನಿನ್ನೆ. ಆಣೆ ಇಟ್ಟು ಅಂದ್ಯಲ್ಲ."

"ಆಣೆ ಇಟ್ಟೆ. ಸುಳ್ಳಾಣೆ ಇಟ್ಟೆ," ಎಂದಳು. "ಅಷ್ಟು ಜನ ನನ್ನ ಮಗಳ ಮೇಲೆ ಬಿದ್ರೆ ಸುಮ್ಕೆ ಕೂರ್ಲೇನೆ? ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ನಾನು. ನೀನು ಕುಣಿ, ಬಾಯಿ ಆಡ್ಸು, ಏನಾರ ಮಾಡು, ಬ್ಯಾಡ ಅನ್ನಲ್ಲ. ನನ್ ತಾವ ಸುಳ್ಳೊಂದು ಬ್ಯಾಡ ಕಣವ್ವ. ಮೂರು ವರ್ಷ ಆತು, ಮಗಳ ಮುಖ ನೋಡಿದ್ರೆ ಸುಳ್ಳೇ ಕಾಣುತ್ತೆ ನಂಗೆ. ಸಾಕಾಗೈತೆ ಕಣೆ."

ನಾನು ಹೇಳಬಹುದಿತ್ತು. ಯಂತ್ರ, ವೇಗ, ಕೀಲಿ, ಎಲ್ಲವನ್ನೂ ನೂರಾ ಒಂದನೆಯ ಸಲ ಹೇಳಬಹುದಿತ್ತು. ಹೇಳಿದಷ್ಟೂ ಅವಳ ಮುಖ ಮುಚ್ಚಿಕೊಳ್ಳುತ್ತಿತ್ತು, ಅದನ್ನು ನಾನು ಮೂರು ವರ್ಷ ನೋಡಿದ್ದೆ. ಅವಳ ಕಣ್ಣಿನ ಕೆಳಗೆ ರಾತ್ರಿಯ ನಿದ್ದೆಗೇಡು ಕಪ್ಪಾಗಿ ಕಾಣುತ್ತಿತ್ತು. ನನಗೆ ಅವ್ವ ಬೇಕಾಗಿದ್ದಳು.

"ನಂದಲ್ಲವ್ವ," ಎಂದೆ. "ಬೆಂಗ್ಳೂರಿನೋಳ್ದು."

ಅವ್ವ ಪೊರಕೆ ಬಿಟ್ಟು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. "ಇಷ್ಟು ಹೇಳಾಕೆ ಮೂರು ವರ್ಷ ಬೇಕಾತೇನೆ, ಹುಚ್ಚಿ!" ಎಂದು ಅತ್ತಳು, ನಕ್ಕಳು. ಅವಳ ಸೀರೆಯ ತುಂಬ ಕುರಿಯ ವಾಸನೆ. ನಾನೂ ಅತ್ತೆ. ಯಾಕೆ ಅಳುತ್ತಿದ್ದೇನೆ ಎಂದು ಅವಳು ಕೇಳಲಿಲ್ಲ, ತಪ್ಪು ಒಪ್ಪಿಕೊಂಡವರು ಅಳುತ್ತಾರಲ್ಲ, ಹಾಗೆ ಅಂದುಕೊಂಡಳು.

ಆ ಸೋಮವಾರ ನನ್ನನ್ನೂ ಕರೆದುಕೊಂಡು ಬೀರೇದೇವರ ಗುಡಿಗೆ ಹೋದಳು. ಸುಳ್ಳಾಣೆಗೆ ತಪ್ಪುಕಾಣಿಕೆ ಒಪ್ಪಿಸದಿದ್ದರೆ ಕುರಿಗೆ ಕೇಡು. ತೆಂಗಿನಕಾಯಿ ಇಟ್ಟು, ಮಂಡಿಯೂರಿ, ಮೂರು ಸಲ ಕೆನ್ನೆ ಬಡಿದುಕೊಂಡು ಹೇಳಿದಳು. "ನನ್ನಪ್ಪಾ, ನನ್ನ ಮಗಳ ದನಿ ಅಂತ ಆಣೆ ಮಾಡಿದ್ದೆ. ಅದು ಅವ್ಳುದಲ್ಲ. ಸುಳ್ಳು ಹೇಳ್ದೆ, ಹೊಟ್ಟೆಗೆ ಹಾಕ್ಕೋ." ನಾನೂ ಪಕ್ಕದಲ್ಲಿ ಮಂಡಿಯೂರಿ ಕೈಮುಗಿದಿದ್ದೆ. ಅವ್ವ ಹೇಳು ಅಂದಳು, ನಾನೂ ಹೇಳಿದೆ. ಅದು ನಂದಲ್ಲ.

ಕಾಯಿಯ ಹೋಳು ಕಡಿಯುತ್ತ ಕಾಲುವೆಯ ಏರಿ ಮೇಲೆ ವಾಪಸು ಬರುತ್ತಿದ್ದೆವು. ಅವ್ವನ ನಡಿಗೆ ಹಗುರವಾಗಿತ್ತು. ಎಷ್ಟೋ ವರ್ಷಗಳ ಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿದ್ದಳು.

"ಏನೇ ಹೇಳು, ಪ್ರಮೀಳಾ," ಎಂದಳು. "ದನಿ ಮಾತ್ರ ಒಳ್ಳೇದು ಆ ಹುಡುಗೀದು. ಅಷ್ಟು ಜನಾನ ಎಬ್ಬಿಸಿ ನಿಲ್ಸಿದ್ಲಲ್ಲ. ಅವ್ಳನ್ನ ಹೆತ್ತೋಳು ಪುಣ್ಯ ಮಾಡಿದ್ಲು ಬಿಡು."

"ಹೂನವ್ವ," ಎಂದೆ. ಅವಳು ತನ್ನ ಪಾಲಿನ ಕೊಬ್ಬರಿಯಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು.